ಹವಾಲ್ದಾರರು ನಿಂತು ಕೇಳಿದ ಪ್ರಶ್ನೆಗಳು

ಮಾಣಿಕ ಹವಾಲ್ದಾರರು ಯಾರ ಮನೆಗೆ ಹೋದರೂ ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮುತ್ತಾರೆ. ಬಾಗಿಲು ಅಗಲವಾಗಿ ತೆರೆದಿದ್ದರೂ ಕೆಮ್ಮುತ್ತಾರೆ. ಒಳಗಿನಿಂದ "ಬರ್ರಿ" ಎಂಬ ಮಾತು ಬರುವವರೆಗೆ ಕಾಲು ಒಳಗಿಡುವುದಿಲ್ಲ. ಬೀದರಿನಲ್ಲಿ ನಮ್ಮ ಕಚೇರಿ ಒಂದು ಬಾಡಿಗೆ ಮನೆಯ ಮೇಲಿನ ಅಂತಸ್ತಿನಲ್ಲಿತ್ತು. ಅಲ್ಲಿ ಕೆಲಸ ಮಾಡಿದಷ್ಟು ದಿನವೂ ಅವರು ಮೆಟ್ಟಿಲ ತುದಿಯಲ್ಲಿ ನಿಂತು ಕೆಮ್ಮಿದ್ದಾರೆ.

"ಬರ್ರಿ ಕಾಕಾ, ಇದು ನಿಮ್ಮದೇ ಆಫೀಸ್ ಅದ," ಎಂದು ನಾನು ಅನ್ನುತ್ತಿದ್ದೆ.

"ನಂದಲ್ಲ ತಂಗಿ, ಕರ್ನಲ್ ಸಾಹೇಬರದು. ಎದ್ದಾರೋ, ಇನ್ನಾ ಮಲಗ್ಯಾರೋ?"

ಕರ್ನಲ್ ಸಾಹೇಬರೆಂದರೆ ನನ್ನ ಮಗಳು. ಆಗಷ್ಟೇ ವರ್ಷ ತುಂಬಿದ ಕೂಸು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಕಚೇರಿಗೇ ಕರೆತರುತ್ತಿದ್ದೆ. ಕಿಟಕಿಯ ಸರಳಿಗೂ ಗೋಡೆಯ ಕೊಂಡಿಗೂ ಹಳೆಯ ಸೀರೆ ಬಿಗಿದು ತೂಗುವ ಜೋಲಿ ಕಟ್ಟಿಕೊಟ್ಟವರು ಹವಾಲ್ದಾರರು. ಅವರು ಹಾಕಿದ ಗಂಟು ಎಂಥದ್ದೆಂದರೆ, ಸೀರೆ ಒಗೆಯಬೇಕಾದಾಗ ಬಿಚ್ಚಲು ಮತ್ತೆ ಅವರೇ ಬರಬೇಕಾಗಿತ್ತು. "ಇಕಿ ಬಂದ್ರ ಎಲ್ಲಾರೂ ಎದ್ದು ನಿಂದರ್ತೀರಿ, ಇಕಿ ಅತ್ರ ಎಲ್ಲಾರೂ ಓಡ್ತೀರಿ. ಕರ್ನಲ್ ಅಲ್ದ ಮತ್ತೇನು?" ಎಂದು ಕೇಳುತ್ತಿದ್ದರು.

ಅದು ೨೦೧೬ರ ಬೇಸಿಗೆ. ಹಿಂದಿನ ಮಳೆಗಾಲಗಳು ಕೈಕೊಟ್ಟಿದ್ದವು. ಕಾರಂಜಾ ಜಲಾಶಯದ ತಳ ಬಿರುಕು ಬಿಟ್ಟಿತ್ತು. ನೆರೆಯ ಲಾತೂರಿಗೆ ರೈಲಿನಲ್ಲಿ ನೀರು ಹೋಗುತ್ತಿತ್ತು. ಭಾಲ್ಕಿಯಿಂದ ಹೈದರಾಬಾದಿಗೆ, ಔರಾದಿನಿಂದ ಪುಣೆಗೆ ಬಸ್ಸುಗಳು ತುಂಬಿ ಹೋಗಿ ಖಾಲಿ ಬರುತ್ತಿದ್ದವು. ಆ ಬೇಸಿಗೆಯಲ್ಲಿ ನಾನೂ ಹವಾಲ್ದಾರರೂ ಒಂದೇ ಕೆಲಸದಲ್ಲಿದ್ದೆವು.

ಕೆಲಸವೇನೆಂದು ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಸೈನಿಕರ ಮತ್ತು ಮಾಜಿ ಸೈನಿಕರ ಆರೋಗ್ಯದ ದಾಖಲೆಗಳನ್ನು ಒಂದೆಡೆ ಸೇರಿಸುತ್ತಿತ್ತು. ಲಕ್ಷಗಟ್ಟಲೆ ಮಂದಿಯ ದಾಖಲೆಗಳು. ಯಾರು ಯಾವಾಗ ದವಾಖಾನೆಗೆ ಹೋದರು, ಏನು ನೋವೆಂದರು, ಯಾವ ಗುಳಿಗೆ ಕೊಟ್ಟರು, ಎಲ್ಲೆಲ್ಲಿ ಕೆಲಸ ಮಾಡಿದರು, ಎಂದು ಸೇವೆ ಮುಗಿಯಿತು. ಹೆಸರು ಇರುವುದಿಲ್ಲ, ಬರೀ ನಂಬರು. ಒಬ್ಬ ಮನುಷ್ಯನಿಗೆ ಒಂದು ಸಾಲು. ಅವರಲ್ಲಿ ತಾವಾಗಿಯೇ ಪ್ರಾಣ ಕಳೆದುಕೊಂಡವರೂ ಇದ್ದರು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಅವರ ಬದುಕಿನಲ್ಲಿ ಏನು ನಡೆದಿತ್ತು, ಯಾವ ಹಂತದಲ್ಲಿ ಯಾರಾದರೂ ಕೈ ಹಿಡಿಯಬಹುದಿತ್ತು ಎಂದು ತಿಳಿಯುವುದು ಉದ್ದೇಶ. ಸಾಲಿನ ಕೊನೆಯ ಕಾಲಂ ಮರಣದ ತಾರೀಖಿನದು. ಬದುಕಿರುವವರಿಗೆ ಅದು ಖಾಲಿ. ಮೊದಮೊದಲು ನಾನು ಆ ಖಾಲಿ ಚೌಕಗಳನ್ನಷ್ಟೇ ನೋಡುತ್ತ ಪರದೆಯನ್ನು ಕೆಳಕ್ಕೆ ಸರಿಸುತ್ತಿದ್ದೆ.

ದಾಖಲೆಗಳು ಒಂದು ವಿಷಯ ತೋರಿಸಿದ್ದವು. ಹಾಗೆ ತೀರಿಕೊಂಡವರಲ್ಲಿ ಬಹಳ ಮಂದಿ ಅದಕ್ಕೂ ಮುಂಚೆ ದವಾಖಾನೆಗೆ ಬಂದಿದ್ದರು. ಆದರೆ ಮನಸ್ಸು ಸರಿಯಿಲ್ಲವೆಂದು ಬಂದವರು ಕಡಿಮೆ. ಹೊಟ್ಟೆನೋವು, ಬೆನ್ನುನೋವು, ತಲೆಶೂಲೆ. ಬಂದವನು ಹೇಳಿದ್ದನ್ನೇ ದವಾಖಾನೆಯವರು ಬರೆದುಕೊಳ್ಳುತ್ತಾರೆ. ಹೇಳದೆ ಇದ್ದದ್ದು ಎಷ್ಟು ಲಕ್ಷ ಸಾಲು ಸೇರಿಸಿದರೂ ಸಿಗುವುದಿಲ್ಲ. ಹೀಗಾಗಿ ಕೆಲವು ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ಕೇಳಬೇಕೆಂದಾಯಿತು. ನಮ್ಮ ಬೀದರ್ ಅದರಲ್ಲೊಂದು. ಒಂಬತ್ತು ಪ್ರಶ್ನೆಗಳಿದ್ದವು: ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಕೆಲಸದಲ್ಲಿ ಮನಸ್ಸು ನಿಲ್ಲುತ್ತದೆಯೇ, ಹೀಗೆ. ಒಂಬತ್ತನೆಯದು, ಬದುಕು ಬೇಡ ಎಂಬ ವಿಚಾರ ಬಂದಿತ್ತೇ ಎಂದು. ಅದಕ್ಕೆ ಯಾರಾದರೂ 'ಹೌದು' ಎಂದರೆ ಅದೇ ದಿನ ಡಾಕ್ಟರಿಗೆ ತಿಳಿಸಬೇಕು. 'ಇಲ್ಲ' ಎಂದರೆ ಯಾರೂ ಏನೂ ಮಾಡಬೇಕಾಗಿಲ್ಲ.

ಇಲ್ಲಿನ ಕೆಲಸ ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಶ್ರೀಪಾದ. ಬೀದರಿನವರೇ, ಮನೋವೈದ್ಯರು. ಪ್ರಶ್ನೆ ಕೇಳಲು ಹೋಗುತ್ತಿದ್ದವರು ಇಬ್ಬರು. ಔರಾದ ಕಡೆಗೆ ಯುನುಸ, ನರ್ಸಿಂಗ್ ಓದಿದ ಹುಡುಗ. ಭಾಲ್ಕಿ ಕಡೆಗೆ ಮಾಣಿಕ ಹವಾಲ್ದಾರರು. ಅವರು ತಂದದ್ದನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಪಾಲು.

ಹವಾಲ್ದಾರರ ಊರು ಭಾತಂಬ್ರಾ. ಬೌದ್ಧ ಮನೆತನ. ತಂದೆ ಹೊಲದ ಕೆಲಸ ಮಾಡಿ ಮಕ್ಕಳನ್ನು ಶಾಲೆಗೆ ಕಳಿಸಿದರು. ಒಬ್ಬ ಮಗ ಮಾಸ್ತರನಾದ, ಒಬ್ಬ ಬ್ಯಾಂಕಿಗೆ ಹೋದ, ಇವರು ಭಾಲ್ಕಿಯಲ್ಲಿ ಪಿಯುಸಿ ಓದುತ್ತಿರುವಾಗಲೇ ಭರ್ತಿಗೆ ಹೋಗಿ ಸೈನ್ಯ ಸೇರಿದರು. ಹಿಮದಲ್ಲೂ ಇದ್ದರು, ಮರಳಿನಲ್ಲೂ ಇದ್ದರು. ಹವಾಲ್ದಾರರಾಗಿ ನಿವೃತ್ತರಾಗಿ ಬಂದು ಊರಿನಲ್ಲಿ ಮನೆ ಕಟ್ಟಿಸಿದರು. ಮನೆಗೆ ಎರಡು ಕೋಣೆ, ಮುಂದೆ ಅಂಗಳ. ಅವರು ಮಲಗುವುದು ಅಂಗಳದಲ್ಲಿ. ಬೇಸಿಗೆಯಲ್ಲಿ ಎಲ್ಲರೂ ಅಂಗಳದಲ್ಲಿ ಮಲಗುತ್ತಾರೆ, ಇವರು ಚಳಿಗಾಲದಲ್ಲೂ ಅಲ್ಲೇ. ಅವರ ಹೆಂಡತಿ ಶೇವಂತಾಬಾಯಿ ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಮನಿಗಿ ನಾಯಿ ಸಾಕೋ ಜರೂರಿ ಇಲ್ಲರಿ. ಹವಾಲ್ದಾರರು ಅದಾರ. ಬೊಗಳಂಗಿಲ್ಲ, ಅಷ್ಟೇ ಫರಕ್."

ಆ ವರ್ಷ ಭಾತಂಬ್ರಾಕ್ಕೆ ನೀರಿನ ಟ್ಯಾಂಕರ್ ಬರುತ್ತಿತ್ತು. ಕೊಡಗಳ ಜಗಳ ನೋಡಲಾರದೆ ಹವಾಲ್ದಾರರು ಸುಣ್ಣದಿಂದ ಗೆರೆ ಎಳೆದು ಕೊಡಗಳನ್ನು ಮೂರು ಮೂರರ ಸಾಲಿನಲ್ಲಿ ನಿಲ್ಲಿಸಿದರು. ಊರ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಭೀಮಬಾಯಿ ಎಂಬ ಮುದುಕಿಯಂತೂ, "ಏ ಕೊಡಾ, ನೆಟ್ಟಗ ನಿಂದರು, ಹವಾಲ್ದಾರ ಬಂದಾನ," ಎಂದು ತನ್ನ ತಗ್ಗು ಬಿದ್ದ ಕೊಡಕ್ಕೆ ಬೈಯುತ್ತಿದ್ದಳಂತೆ. ಆದರೆ ಜಗಳ ನಿಂತಿತು.

ಸಮೀಕ್ಷೆಗೂ ಅವರು ಹಾಗೆಯೇ ಹೋದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಅವರು ಮತ್ತೆ ಹೋದರು, ನೆರೆಯವರಿಂದ ಫೋನ್ ನಂಬರು ತಂದರು, ಹಬ್ಬಕ್ಕೆ ಬಂದವರನ್ನು ಹಬ್ಬದ ದಿನವೇ ಹಿಡಿದರು. ಅವರ ಕಾಗದಗಳಲ್ಲಿ ಒಂದು ಗೀಟೂ ತಪ್ಪಿರುತ್ತಿರಲಿಲ್ಲ. ಒಂದೇ ಒಂದು ವಿಚಿತ್ರ. ಅವರು ಭೇಟಿಯಾದ ಮಾಜಿ ಸೈನಿಕರಿಗೆಲ್ಲ ನಿದ್ದೆ ಬರುತ್ತಿತ್ತು, ಊಟ ಸೇರುತ್ತಿತ್ತು, ಚಿಂತೆ ಎಂಬುದೇ ಇರಲಿಲ್ಲ. ತೊಂದರೆ ಇಲ್ಲದ್ದಕ್ಕೆ ಸೊನ್ನೆ. ಅವರ ಕಾಗದಗಳಲ್ಲಿ ಸೊನ್ನೆಯ ಕೆಳಗೆ ಸೊನ್ನೆ.

ಯುನುಸ ನನ್ನ ಹಿಂದೆ ನಿಂತು ಪರದೆ ನೋಡಿ ನಕ್ಕ. "ಹವಾಲ್ದಾರ್ ಚಾಚಾ, ಔರಾದ ಮಂದಿಗಿ ನಿದ್ದಿ ಇಲ್ಲ, ಭಾಲ್ಕಿ ಮಂದಿ ಗೊರಕಿ ಹೊಡೀತಾರ. ನಿಮ್ಮ ಕಡಿ ಗಾಳಿನೇ ಬ್ಯಾರೆ ಅದ ಬಿಡ್ರಿ."

"ಗಾಳಿ ಅಲ್ಲ ಬೇಟಾ. ನಿನ್ನ ಮುಂದ ಅಳ್ತಾರ. ನೀ ಹುಡುಗ, ಪಾಪ ಅಂತ ಏನರೆ ಹೇಳಿ ಕಳಸ್ತಾರ. ನನ್ನ ಮುಂದ ಜವಾನ ಜವಾನನಂಗ ಇರ್ತಾನ."

ಅವರ ದನಿಯಲ್ಲಿ ಹೆಮ್ಮೆಯಿತ್ತು. ನಾನು ಡಾಕ್ಟರಿಗೆ ಆ ಸೊನ್ನೆಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇನ್ನೊಂದಷ್ಟು ಬರಲಿ, ನೋಡೋಣು," ಎಂದರು.

ಮೇ ತಿಂಗಳ ಒಂದು ಬೆಳಗ್ಗೆ ಮೆಟ್ಟಿಲ ಮೇಲೆ ಕೆಮ್ಮಿಲ್ಲದೆ ಇಬ್ಬರು ಹೆಂಗಸರು ನೇರ ಒಳಗೆ ಬಂದರು. ಮುಂದಿದ್ದವರು ಶೇವಂತಾಬಾಯಿ. ಹಿಂದೆ ಸೆರಗನ್ನು ಕಿವಿಯವರೆಗೆ ಹೊದ್ದುಕೊಂಡ ಇನ್ನೊಬ್ಬಾಕೆ. ಹವಾಲ್ದಾರರು ನನ್ನ ಎದುರಿಗೇ ಕೂತು ಕಾಗದ ಜೋಡಿಸುತ್ತಿದ್ದರು. ತಟ್ಟನೆ ಎದ್ದರು.

"ಕಾಂತಾ? ಏನಾಗ್ಯಾದ?"

ಕಾಂತಾಬಾಯಿ ಖಟಕ ಚಿಂಚೋಳಿಯ ಪಂಢರಿಯ ಹೆಂಡತಿ. ಪಂಢರಿ ಮತ್ತು ಹವಾಲ್ದಾರರು ಒಂದೇ ಪಲ್ಟಣದಲ್ಲಿದ್ದವರು. ಪಂಢರಿ ಸಿಪಾಯಿ, ಇವರ ಕೈಕೆಳಗೆ ವರ್ಷಗಟ್ಟಲೆ ಇದ್ದವನು. ಸೇವೆ ಮುಗಿಸಿ ಬಂದ ಮೇಲೆ ಹೈದರಾಬಾದಿನ ಒಂದು ಅಪಾರ್ಟ್‌ಮೆಂಟಿಗೆ ಕಾವಲಿಗೆ ಹೋಗಿದ್ದ.

ಆಕೆ ಕೂರಲಿಲ್ಲ. ಗೋಡೆಗೆ ಆನಿಕೊಂಡು ಹೇಳಿದಳು. "ಅಣ್ಣಾ, ಅವರು ನೌಕರಿ ಬಿಟ್ಟು ಬಂದಾರ. ಯಾಕ ಅಂದ್ರ ಹೇಳಂಗಿಲ್ಲ. ಹೊಟ್ಟಿ ನೂಸ್ತದ ಅಂತಾರ, ದವಾಖಾನಿಗಿ ಹೋಗ್ತಾರ, ಗುಳಿಗಿ ತರ್ತಾರ, ಮತ್ತ ಹೋಗ್ತಾರ. ನಾ ಮುಂದ ಕುಂತ್ರ ಎರಡು ತುತ್ತು ತಿಂತಾರ. ಮೊನ್ನಿ ಅಂದ್ರು, ನಾ ಇಲ್ದಿದ್ರ ನಿಮಗ ಸುಖಾ ಆಗ್ತದ ಅಂತ. ಸಿಟ್ಟಿಲೆ ಅನಲಿಲ್ಲರಿ. ಸಮಾಧಾನಲೆ ಅಂದ್ರು. ಅದಕ್ಕ ನನಗ ಅಂಜಿಕಿ ಬಂದದ."

"ಏ, ಪಂಢರಿ ಠೀಕ್ ಅದಾನ. ಹೋದ ತಿಂಗಳ ನಾನೇ ಬಂದು ಕೇಳೀನಿ. ಒಂಬತ್ತೂ ಕೇಳೀನಿ."

"ಕೇಳೀರಿ. ನಾ ಒಳಗ ರೊಟ್ಟಿ ಬಡೀತಿದ್ದೆ. ಅವರು ಹೇಳಿದ್ದು ನನಗೂ ಕೇಳಸ್ತು."

"ಮತ್ತ? ಅಂವ ನನಗ ಸುಳ್ಳು ಹೇಳಂಗಿಲ್ಲ."

ಶೇವಂತಾಬಾಯಿ ಕೈಚೀಲವನ್ನು ನನ್ನ ಮೇಜಿನ ಮೇಲಿಟ್ಟರು. "ನಿಮಗಲ್ದ ಮತ್ಯಾರಿಗಿ ಹೇಳ್ಯಾನು? ನೀವು ಅಂಗಳದಾಗ ಹೋಗಿ ನಿಂತ್ರ ಅಂವ ಎದ್ದು ನಿಂದರ್ತಾನ. ನಿಂತ ಮನಶಾ ಏನು ಹೇಳ್ತಾನ್ರಿ? ಠೀಕ್ ಸಾಬ್ ಅಂತಾನ, ಮುಗೀತು. ನಿಮ್ಮ ಮುಂದ ಇಷ್ಟು ವರ್ಷ ಅದನ್ನೇ ಅಂದಾನ, ಇವತ್ತ ಹೊಸಾದು ಎಲ್ಲಿಂದ ತರ್ಲಿ?"

ಹವಾಲ್ದಾರರು ಕೈಯಲ್ಲಿದ್ದ ಕಾಗದಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿ ಮಾಡಿದರು. ಮತ್ತೆ ಕುಟ್ಟಿದರು.

ಡಾಕ್ಟರ್ ಶ್ರೀಪಾದ ಪಕ್ಕದ ಕೋಣೆಯಿಂದ ಎಲ್ಲ ಕೇಳಿಸಿಕೊಂಡು ಬಂದರು. ಮೊದಲು ಕೇಳಿದ್ದು, "ಈಗ ಅವರ ಹತ್ರ ಯಾರು ಅದಾರ?"

"ಮೈದುನ ಕುಂತಾನರಿ. ನಾ ಬರೋ ತನಕ ಏಳಬ್ಯಾಡ ಅಂದೀನಿ."

"ಛಲೋ ಮಾಡೀರಿ. ಒಬ್ಬರನ್ನೇ ಬಿಡಬ್ಯಾಡ್ರಿ. ಹವಾಲ್ದಾರರೇ, ಇವತ್ತೇ ಹೋಗ್ರಿ. ನಾ ಬಂದ್ರ ಡಾಕ್ಟರ್ ಬಂದಾರ ಅಂತ ಮತ್ತಿಷ್ಟು ಬಾಯಿ ಮುಚ್ಚಿಕೊಳ್ತಾರ. ನೀವು ಕರಕೊಂಡು ಬರ್ರಿ, ಎಷ್ಟೊತ್ತಾದರೂ ನಾ ಇಲ್ಲೇ ಇರ್ತೇನಿ. ಬರಲಿಕ್ಕೆ ಒಪ್ಪದಿದ್ರ ಫೋನ್ ಮಾಡ್ರಿ, ನಾನೇ ಬರ್ತೇನಿ." ಆಮೇಲೆ, "ಒಂಬತ್ತನೇದು ಕೇಳಲಿಕ್ಕೆ ಅಂಜಬ್ಯಾಡ್ರಿ. ಕೇಳಿದ್ರ ಆ ವಿಚಾರ ಹೊಸದಾಗಿ ತಲಿಯೊಳಗ ಹೋಗಂಗಿಲ್ಲ. ಇದ್ರ ಹೊರಗ ಬರ್ತದ," ಎಂದರು.

ಇಂಥ ಭೇಟಿಗೆ ಇಬ್ಬರು ಹೋಗಬೇಕೆಂಬುದು ನಿಯಮ. ಯುನುಸ ಜೀಪಿನೊಂದಿಗೆ ಔರಾದ ಕಡೆ ಇದ್ದ. ನಾನು ಕೂಸಿಗೆ ಹಾಲು, ಬಟ್ಟೆ, ನೀರಿನ ಬಾಟಲಿ ಚೀಲಕ್ಕೆ ತುಂಬಿಕೊಂಡು ಹೊರಟೆ. ಶೇವಂತಾಬಾಯಿ ಭಾಲ್ಕಿಯಲ್ಲಿ ಇಳಿದು ಭಾತಂಬ್ರಾದ ಬಸ್ಸು ಹಿಡಿದರು. ಇಳಿಯುವಾಗ ಗಂಡನಿಗೆ, "ಬೂಟು ಕಳದು ಕೂಡ್ರಿ," ಎಂದಷ್ಟೇ ಹೇಳಿದರು.

ಚಿಂಚೋಳಿಯ ಬಸ್ಸಿನಲ್ಲಿ ಹವಾಲ್ದಾರರು ಕಿಟಕಿಯ ಕಡೆ ಮುಖ ಮಾಡಿ ಮಾತಾಡಿದರು. ನನಗೆ ಹೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ.

"ದಿನಾ ಸಂಜಿಗಿ ಹಾಜರಿ ಇರ್ತದ ತಂಗಿ. ಎಲ್ಲಾ ಜವಾನರು ಸಾಲಾಗಿ ನಿಂದರ್ತಾರ. ಕಿಸೀ ಕೋ ಕೋಯಿ ತಕಲೀಫ್, ಯಾರಿಗರೆ ಏನರೆ ತ್ರಾಸ ಅದನು, ಅಂತ ನಾ ಕೇಳೋದು. ನಹೀಂ ಸಾಬ್, ಅಂತ ಎಲ್ಲಾರೂ ಒಂದೇ ದನೀಲೆ ಅನ್ನೋದು. ತಕಲೀಫ್ ಅದ ಅಂದ್ರ ದವಾಖಾನಿ. ದವಾಖಾನಿ ಅಂದ್ರ ಮೆಡಿಕಲ್ ಕೆಟಗರಿ ಬೀಳ್ತದ. ಕೆಟಗರಿ ಬಿದ್ರ ಪ್ರಮೋಷನ್ ಇಲ್ಲ. ನಾನೂ ಹಂಗೇ ಅಂದು ಅಂದು ಹವಾಲ್ದಾರ ಆದಾಂವ. ಅಂದ್ರ..." ಅವರು ನಿಲ್ಲಿಸಿದರು. "ಅಂದ್ರ ನಾ ಊರೂರಿಗಿ ಹೋಗಿ ಹಾಜರಿ ತೊಗೊಂಡು ಬಂದೀನಿ."

ಕಾಂತಾಬಾಯಿ ಮುಂದಿನ ಸೀಟಿನಲ್ಲಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಕೂಸು ಆಕೆಯ ಬಳೆ ಎಳೆಯುತ್ತಿತ್ತು.

ಪಂಢರಿಯ ಮನೆಯ ಅಂಗಳದಲ್ಲಿ ಹುಣಸೆಹಣ್ಣಿನ ರಾಶಿ ಇತ್ತು. ಬರಗಾಲಕ್ಕೂ ಹುಣಸೆಮರಕ್ಕೂ ಸಂಬಂಧವಿಲ್ಲ. ಆ ವರ್ಷವೂ ಬಿಟ್ಟಿತ್ತು. ಬೀಜ ಬಿಡಿಸಿದ ಹಣ್ಣು ಒಂದು ಕಡೆ, ಬೀಜ ಒಂದು ಕಡೆ. ಮೈದುನ ಮೂಲೆಯಲ್ಲಿ ಕೂತಿದ್ದ, ಅತ್ತಿಗೆಯನ್ನು ಕಂಡು ಎದ್ದು ಹೋದ. ಪಂಢರಿ ಹಗ್ಗದ ಹೊರಸಿನ ಮೇಲಿದ್ದ. ಹವಾಲ್ದಾರರು ಕೆಮ್ಮುವ ಮೊದಲೇ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡ.

"ಜೈ ಹಿಂದ್ ಸಾಬ್."

"ಜೈ ಭೀಮ ಪಂಢರಿ. ಕೂಡು."

ಪಂಢರಿ ಕೂರಲಿಲ್ಲ. ಹವಾಲ್ದಾರರು ಬೂಟು ಕಳಚಿದರು. ಕಳಚಲು ಬಗ್ಗಿದಾಗ ಪಂಢರಿ ಗಾಬರಿಯಾಗಿ ಮುಂದೆ ಬಂದ. ಅವರು ನೆಲದ ಮೇಲೆ, ಹುಣಸೆಹಣ್ಣಿನ ರಾಶಿಯ ಪಕ್ಕದಲ್ಲಿ ಕೂತುಬಿಟ್ಟರು.

"ಸಾಬ್, ಹೊರಸಿನ ಮ್ಯಾಲ ಕೂಡ್ರಿ."

"ಇಲ್ಲೇ ಛಲೋ ಅದ. ನೀ ಕೂಡು."

"ನೀವು ನೆಲದ ಮ್ಯಾಲ, ನಾ ಹೊರಸಿನ ಮ್ಯಾಲ? ಹ್ಯಾಂಗ ಆಗ್ತದ ಸಾಬ್?"

"ಹಂಗಾದ್ರ ನೆಲದ ಮ್ಯಾಲ ಕೂಡು."

"ನಿಮ್ಮ ಸರಿಸಾಟಿ ಹ್ಯಾಂಗ ಕೂಡ್ಲಿ?"

ಹವಾಲ್ದಾರರಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಹುಕುಂ ಮಾಡಿದರೆ ಅವನು ಕೂರುತ್ತಿದ್ದ, ಆದರೆ ಅದೂ ಹಾಜರಿಯೇ ಆಗುತ್ತಿತ್ತು. ಒಬ್ಬರು ಕೆಳಗೆ, ಒಬ್ಬ ನಿಂತು, ಹೀಗೇ ಸ್ವಲ್ಪ ಹೊತ್ತು. ನಾನು ಚೀಲದಿಂದ ನೀರಿನ ಬಾಟಲಿ ತೆಗೆಯುತ್ತಿದ್ದೆ. ಅಷ್ಟರಲ್ಲಿ ಪಂಢರಿ, "ಏ, ಬೀಜ, ಬೀಜ," ಎಂದವನೇ ನೆಲಕ್ಕೆ ಬಾಗಿದ. ನನ್ನ ಮಗಳು ಅಂಬೆಗಾಲಿಟ್ಟು ರಾಶಿಯ ಹತ್ತಿರ ಹೋಗಿ ಹುಣಸೆಬೀಜವೊಂದನ್ನು ಬಾಯಿಗೆ ಹಾಕಿಕೊಂಡಿದ್ದಳು. ಅವನು ಕುಕ್ಕರುಗಾಲಲ್ಲಿ ಕೂತು, ಎಡಗೈಯಲ್ಲಿ ಅವಳ ಗಲ್ಲ ಹಿಡಿದು, ಬಲಗೈಯ ಕಿರುಬೆರಳಿನಿಂದ ಬೀಜ ಹೊರತೆಗೆದ. ಅವಳು ಅಳುವ ಮೊದಲೇ ಕೈಗೆ ಒಂದು ಖಾಲಿ ಬುಟ್ಟಿ ಕೊಟ್ಟ. ನಾಲ್ಕು ಜನ ದೊಡ್ಡವರಿದ್ದೆವು, ನೋಡಿದವನು ಅವನೊಬ್ಬನೇ.

"ಕರ್ನಲ್ ಸಾಹೇಬರ ಜೀವಾ ಉಳಸಿದಿ," ಎಂದರು ಹವಾಲ್ದಾರರು.

"ಇವರು ಕರ್ನಲ್ ಏನ್ರಿ?"

"ನೋಡಲ್ಲ, ನಿನ್ನ ಒಂದೇ ಸಲಕ್ಕ ಕೂಡಿಸಿದ್ರು. ನನ್ನ ಕೈಲೆ ಆಗ್ಲಿಲ್ಲ."

ಪಂಢರಿಯ ತುಟಿಯ ಒಂದು ಮೂಲೆ ಸಡಿಲಾಯಿತು. ಅವನು ಮತ್ತೆ ಏಳಲಿಲ್ಲ. ಕಾಂತಾಬಾಯಿ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಹವಾಲ್ದಾರರು ಕಿಸೆಯಿಂದ ಪ್ರಶ್ನೆಗಳ ಕಾಗದ ತೆಗೆದರು. ಅದನ್ನು ಕಂಡದ್ದೇ ಪಂಢರಿಯ ಬೆನ್ನು ನೆಟ್ಟಗಾಯಿತು.

"ಸಾಬ್, ಹೋದ ಸಲ ಕೇಳೀರಿ. ನಾ ಠೀಕ್ ಅದೀನಿ."

"ನಿನಗ ಕೇಳಂಗಿಲ್ಲ. ಇವತ್ತ ನೀ ಕೇಳು, ನಾ ಹೇಳ್ತೇನಿ. ಒಂದು ಬದಿಗಿ ಕನ್ನಡ ಅದ, ಒಂದು ಬದಿಗಿ ಮರಾಠಿ. ನಿನಗ ಬೇಕಾದ್ದು ಓದು."

ಈ ಕ್ರಮ ನಮ್ಮ ಕೈಪಿಡಿಯಲ್ಲಿ ಇರಲಿಲ್ಲ. ನಾನು ತಡೆಯಲಿಲ್ಲ.

ಪಂಢರಿ ಕಾಗದ ತೆಗೆದುಕೊಂಡ. ಹಿರಿಯರು ಹೇಳಿದ ಮೇಲೆ ಮಾಡಲೇಬೇಕು. ಗಂಟಲು ಸರಿ ಮಾಡಿಕೊಂಡು ಓದಿದ. "ಮನಸ್ಸಿಗಿ ಬ್ಯಾಸರ ಆಗ್ತದೇನು?"

"ಇಲ್ಲ," ಎಂದರು ಹವಾಲ್ದಾರರು.

"ರಾತ್ರಿ ನಿದ್ದಿ ಬರ್ತದೇನು?"

"ಬರ್ತದ."

ಪಂಢರಿ ಮೂರನೆಯದಕ್ಕೆ ಹೋಗಲಿಲ್ಲ. ಕಾಗದದಿಂದ ಕಣ್ಣೆತ್ತದೆ, ಬಹಳ ಮೆಲ್ಲಗೆ ಹೇಳಿದ. "ಸಾಬ್, ಸುಳ್ಳು."

"ಯಾಕ?"

"ಶೇವಂತಾ ವೈನಿ ಎಲ್ಲಾರ ಮುಂದ ಹೇಳ್ತಾರ, ನಾಯಿ ಬ್ಯಾಡ ಅಂತ. ಮಂದಿ ನಗ್ತಾರ. ನಾ ನಗಂಗಿಲ್ಲ."

ಒಳಗೆ ಸ್ಟೋವಿನ ಸದ್ದು ಕೇಳಿಸುತ್ತಿತ್ತು. ಹವಾಲ್ದಾರರು ಒಂದು ಹುಣಸೆಹಣ್ಣು ಎತ್ತಿಕೊಂಡು ಸಿಪ್ಪೆ ಒಡೆದರು, ನಾರು ಎಳೆದರು, ಬೀಜ ಬಿಡಿಸಿದರು. ಬೀಜವನ್ನು ಕೂಸಿಗೆ ಸಿಗದಂತೆ ತಮ್ಮ ಹಿಂದೆ ಹಾಕಿದರು.

"ಬಾಗಲಾ ಹಾಕಿದ್ರ ಉಸರು ಕಟ್ಟತದ," ಎಂದರು. "ಮಾಡಿನ ಕೆಳಗ ಮಲಗಿದ್ರ ಮ್ಯಾಲ ಏನೋ ಬಿದ್ದಂಗ ಆಗ್ತದ. ಹಿಮದಾಗ ಬಂಕರ್ ಕುಸಿದಿತ್ತಲ್ಲ, ನಿನಗ ಗೊತ್ತದ. ಊರಿಗಿ ಬಂದ ವರ್ಷ ಸೆಕಿ ಅದ ಅಂತ ನಮ್ಮಾಕಿಗಿ ಹೇಳಿ ಹೊರಗ ಮಲಗಿದೆ. ಮುಂದ ಹೇಳಲಿಕ್ಕೆ ಬ್ಯಾರೆ ನೆಪ ಸಿಗ್ಲಿಲ್ಲ, ಅದನ್ನೇ ನಡಿಸೀನಿ. ನಿದ್ದಿ ಬರಂಗಿಲ್ಲ ಪಂಢರಿ. ಅರ್ಧಾ ಬರ್ತದ. ಬರಕೋ."

"ಎಲ್ಲಿ ಬರೀಲಿ ಸಾಬ್?"

"ನಡೂ ಅದ ನೋಡು, 'ಬಹಳ ದಿನ ತೊಂದ್ರಿ'. ಅಲ್ಲಿ ಗೀಟು ಹಾಕು. ಮೊದಲಿಂದೂ ತಪ್ಪು ಹೇಳೀನಿ. ಅಲ್ಲೂ ಹಾಕು."

ಪಂಢರಿ ಗೀಟು ಹಾಕಿದ. ಮುಂದಿನದು ಓದಿದ, ಉತ್ತರ ಕೇಳಿದ, ಗೀಟು ಹಾಕಿದ. ಕಾಂತಾಬಾಯಿ ಚಹಾ ತಂದು ಇಟ್ಟು, ಬಾಗಿಲಿನ ಹಿಂದೆ ನಿಂತಳು. ಎಂಟನೆಯದು ಮುಗಿಯಿತು. ಪಂಢರಿ ಕಾಗದವನ್ನು ಮೊಣಕಾಲ ಮೇಲಿಟ್ಟು ಅಂಗೈಯಿಂದ ನೇವರಿಸಿದ.

"ಇನ್ನೊಂದದ," ಎಂದರು ಹವಾಲ್ದಾರರು. "ಒಂಬತ್ತನೇದು ಓದು."

"ಅದು ನಂದು ಸಾಬ್."

ಬಾಗಿಲ ಹಿಂದೆ ಬಳೆಯ ಸದ್ದೊಂದು ಆಗಿ ನಿಂತಿತು.

"ಹೇಳು," ಎಂದರು ಹವಾಲ್ದಾರರು. ಆಮೇಲೆ ನಡುವೆ ಒಂದು ಮಾತೂ ಆಡಲಿಲ್ಲ.

ಅವನು ಹೇಳಿದ್ದೆಲ್ಲವನ್ನೂ ಇಲ್ಲಿ ಬರೆಯುವುದಿಲ್ಲ. ಅದು ಅವನದು. ನೌಕರಿಯ ವಿಷಯ ಇತ್ತು. ಅಪಾರ್ಟ್‌ಮೆಂಟಿನ ಗೇಟಿನ ಬಳಿಯ ಚಿಕ್ಕ ಕೋಣೆಯಲ್ಲಿ ತಿಂಗಳುಗಟ್ಟಲೆ ಯಾರೊಡನೆಯೂ ಮಾತಿಲ್ಲದೆ ಕೂತದ್ದು ಇತ್ತು. ಊರಿಗೆ ಬಂದರೆ ಗೆಳೆಯರ ಮನೆಗಳಿಗೆಲ್ಲ ಬೀಗ ಬಿದ್ದದ್ದು ಇತ್ತು. ಹೊಟ್ಟೆನೋವು ನಿಜವಾದ ಹೊಟ್ಟೆನೋವೇ, ನಾಟಕವಲ್ಲ ಎಂದು ಮತ್ತೆ ಮತ್ತೆ ಹೇಳಿದ. ಕೊನೆಗೆ, "ಠೀಕ್ ಅದೀನಿ ಅಂತ ಹೇಳಿ ಹೇಳಿ ದಣದೀನಿ ಸಾಬ್," ಎಂದ.

ಹವಾಲ್ದಾರರು ಅವನ ಕೈ ಹಿಡಿಯಲಿಲ್ಲ, ಸಮಾಧಾನದ ಮಾತು ಆಡಲಿಲ್ಲ. ತಣ್ಣಗಾದ ಚಹಾವನ್ನು ಅವನ ಕಡೆ ಸರಿಸಿದರು. "ಕುಡಿ. ಬೀದರಿನ್ಯಾಗ ಡಾಕ್ಟರ್ ಕಾಯ್ತಾರ. ಇಬ್ಬರೂ ತೋರಿಸ್ಕೊಳ್ಳೋಣು. ನಿಂದು ಮೊದಲು, ಆಮ್ಯಾಗ ನಂದು."

"ನಿಮಗ ಏನಾಗ್ಯಾದ ಸಾಬ್?"

"ನೀನೇ ಬರಕೊಂಡೀಯಲ್ಲೋ, ಓದಿ ನೋಡು."

ಸಂಜೆಯ ಬಸ್ಸಿಗೆ ಎಲ್ಲರೂ ಬೀದರಿಗೆ ಬಂದೆವು. ಡಾಕ್ಟರ್ ಶ್ರೀಪಾದ ಹೇಳಿದ ಹಾಗೆಯೇ ಕೂತಿದ್ದರು. ಪಂಢರಿಯನ್ನು ಕೆಲವು ದಿನ ದವಾಖಾನೆಯಲ್ಲಿ ಇಟ್ಟುಕೊಂಡರು, ಔಷಧಿ ಶುರು ಮಾಡಿದರು, ಹೊಟ್ಟೆಯನ್ನೂ ಪರೀಕ್ಷೆ ಮಾಡಿಸಿದರು. ಬರದಿಂದ ಹೀಗಾಯಿತೇ, ಸೈನ್ಯದಿಂದ ಆಯಿತೇ, ಒಂಟಿ ನೌಕರಿಯಿಂದಲೇ ಎಂದು ಕಾಂತಾಬಾಯಿ ಕೇಳಿದಳು. "ಒಂದೇ ಕಾರಣ ಹುಡುಕಬ್ಯಾಡ ತಾಯಿ. ಲಕ್ಷ ಜನರ ದಾಖಲೆ ನೋಡಿದರೂ ಒಂದೇ ಕಾರಣ ಸಿಕ್ಕಿಲ್ಲ," ಎಂದರು ಡಾಕ್ಟರ್. ಆಮೇಲಿನ ತಿಂಗಳುಗಳಲ್ಲಿ ಪಂಢರಿ ತೋರಿಸಿಕೊಳ್ಳಲು ಬಂದಾಗಲೆಲ್ಲ ಹವಾಲ್ದಾರರು ಭಾಲ್ಕಿಯಲ್ಲಿ ಅದೇ ಬಸ್ಸು ಹತ್ತಿ ಜೊತೆಗೆ ಬರುತ್ತಿದ್ದರು. ಒಮ್ಮೆ ಪಂಢರಿ ಬರಲೊಲ್ಲೆ ಎಂದು ಮನೆಯಲ್ಲೇ ಮಲಗಿಬಿಟ್ಟ. ಆ ದಿನ ಹವಾಲ್ದಾರರು ಚಿಂಚೋಳಿಗೇ ಹೋಗಿ ಸಂಜೆಯವರೆಗೆ ಹೊರಸಿನ ಪಕ್ಕದಲ್ಲಿ ಕೂತರು. ಮರುದಿನ ಇಬ್ಬರೂ ಬಂದರು.

ಕಚೇರಿಯಲ್ಲಿ ಹವಾಲ್ದಾರರು ಮೊದಲು ಕೇಳಿದ್ದು, ತಾವು ತಂದ ಸೊನ್ನೆಗಳನ್ನೆಲ್ಲ ಅಳಿಸಿಹಾಕಲು ಸಾಧ್ಯವೇ ಎಂದು. ಡಾಕ್ಟರ್ ಆಗದು ಎಂದರು. ಒಮ್ಮೆ ಬರೆದದ್ದು ಹಾಗೇ ಇರಬೇಕು, ಮತ್ತೆ ಕೇಳಿದ್ದನ್ನು ಪಕ್ಕದಲ್ಲಿ ಬರೆಯಬೇಕು. ಡಾಕ್ಟರ್ ಬೆಂಗಳೂರಿಗೆ ಬರೆದ ಮೇಲೆ ಹೊಸದೊಂದು ಕಾಲಂ ಬಂತು: ಕೇಳಿದವರು ಯಾರು, ಸೇವೆಯಲ್ಲಿ ಅವರ ದರ್ಜೆ ಏನಿತ್ತು. ಭಾಲ್ಕಿಯ ಮನೆಗಳಿಗೆ ಯುನುಸ ಹೋದ. ಔರಾದಿಗೆ ಹವಾಲ್ದಾರರು ಚಪ್ಪಲಿ ಹಾಕಿಕೊಂಡು ಹೋದರು. ಹೋದಲ್ಲೆಲ್ಲ ಜನ ಮೊದಲು ಕೇಳುವುದೇ, "ಸಾಬ್, ನಿಮ್ಮ ರ‍್ಯಾಂಕ್ ಏನು?" ಸುಳ್ಳು ಹೇಳುವಂತಿಲ್ಲ. "ನೀರು ಕೊಡ್ರಿ, ಕುಂತು ಹೇಳ್ತೇನಿ," ಎನ್ನುತ್ತಿದ್ದರಂತೆ. ಕೆಲವರು ಮಾತಾಡಿದರು. ಬಹಳ ಮಂದಿ ಠೀಕ್ ಅದೀವಿ ಎಂದೇ ಹೇಳಿ ಕಳಿಸಿದರು. ನಾನು ಎರಡನ್ನೂ ಏರಿಸಿದೆ.

ಸೆಪ್ಟೆಂಬರಿನಲ್ಲಿ ಮಳೆ ಬಂತು. ಬೇಡವೆನ್ನುವಷ್ಟು ಬಂತು. ಕೆರೆ ತುಂಬಿ ರಸ್ತೆಗಳು ಮುಳುಗಿದವು. ಮಳೆ ನಿಂತ ಮೇಲೆ ಪಂಢರಿ ಡಾಕ್ಟರನ್ನು ಕೇಳಿ, ಕಾಂತಾಬಾಯಿಯನ್ನೂ ಕರೆದುಕೊಂಡು ಹೈದರಾಬಾದಿಗೆ ಹೋದ. ಬೇರೆ ಕಡೆ ಕೆಲಸ, ಇಬ್ಬರಿಗೂ ಇರಲು ಒಂದು ಕೋಣೆ. ಔಷಧಿ ಅಲ್ಲೂ ಸಿಗುತ್ತದೆ, ತಿಂಗಳಿಗೊಮ್ಮೆ ಇಲ್ಲಿಗೂ ಬರುತ್ತಾನೆ. ಇದನ್ನೆಲ್ಲ ಬರೆಯಬಹುದೇ ಎಂದು ನಾನು ಕೇಳಿದಾಗ, "ಬರೀರಿ ಅಕ್ಕಾ. ಬೀಜದ ಮಾತೂ ಬರೀರಿ," ಎಂದ.

ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ನಾನು ಕೂಸನ್ನು ಕರೆದುಕೊಂಡು ಭಾತಂಬ್ರಾಕ್ಕೆ ಹೋಗಿದ್ದೆ. ಹವಾಲ್ದಾರರ ಹೊರಸು ಅಂಗಳದಿಂದ ಪಡಸಾಲೆಗೆ ಬಂದಿತ್ತು. ಮೇಲೆ ತಗಡು, ಮುಂದೆ ಬಾಗಿಲಿಲ್ಲ. "ಮಳಿ ಅರ್ಧಾ ತಂತು, ಡಾಕ್ಟರ್ ಅರ್ಧಾ," ಎಂದರು ಶೇವಂತಾಬಾಯಿ. "ಒಳಗ ಬರಲಿಕ್ಕೆ ಇನ್ನೊಂದು ಮಳಿಗಾಲ ಬೇಕೋ ಏನೋ." ಈಗ ಅವರು ನಾಯಿಯ ಮಾತು ಎತ್ತುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಫೋನ್ ಬಂತು. ಭಾನುವಾರದ ಫೋನ್ ಪಂಢರಿಯದೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹವಾಲ್ದಾರರು ಬಾಗಿಲ ಬಳಿ ನಿಂತು ಕಿವಿಗೆ ಹಚ್ಚಿಕೊಂಡರು. ಅವನ ದನಿ ನಮಗೂ ಕೇಳಿಸಿತು.

"ಸಾಬ್, ನಿದ್ದಿ?"

"ಠೀ..." ಎಂದು ಶುರು ಮಾಡಿ ಹೆಂಡತಿಯ ಮುಖ ನೋಡಿದರು. "ಮುಕ್ಕಾಲು. ನಿಂದು?"

ಅತ್ತಲಿಂದ ಉತ್ತರ ಒಂದು ಮಾತಿನಲ್ಲಿ ಮುಗಿಯಲಿಲ್ಲ. ಹವಾಲ್ದಾರರು ಕೇಳುತ್ತ ಕೇಳುತ್ತ ಮೆಲ್ಲಗೆ ಹೊಸ್ತಿಲ ಮೇಲೆ ಕೂತರು.

"ಅಯ್ಯ, ಹೊಸ್ತಲ ಮ್ಯಾಲ ಕೂಡಬಾರ್ದು, ಏಳ್ರಿ," ಎಂದರು ಶೇವಂತಾಬಾಯಿ.

ಅವರು ಸುಮ್ಮನಿರು ಎಂದು ಕೈ ಮಾಡಿ, ಫೋನನ್ನು ಇನ್ನಷ್ಟು ಒತ್ತಿ ಹಿಡಿದು, ಕೇಳುತ್ತಲೇ ಕೂತರು. ಶೇವಂತಾಬಾಯಿ ಅವರ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟು ನಮಗೆ ಬಡಿಸಿದರು.